ಪಕ್ಕವಾದ್ಯದವರ ಅನ್ನ

ಸಂಗೀತ, ನೃತ್ಯ, ನಾಟಕಗಳನ್ನು ಪದವಿಯ ವಿಷಯವಾಗಿ ಆರಿಸಿಕೊಳ್ಳುವ ವಿದ್ಯಾರ್ಥಿಗೆ ಮುಂದೆ ಯಾವ ಉದ್ಯೋಗ ದೊರೆಯುತ್ತದೆ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರಗಳು ಬೆಂಗಳೂರನ್ನೋ ಚೆನ್ನೈಯನ್ನೋ ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದವು; ಕಪಿಲೆಯ ದಂಡೆಯ ನಂಜನಗೂಡಿನಲ್ಲಿ, ಇಲ್ಲವೇ ಕಪಿಲೆ ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರದಲ್ಲಿ ನಿಂತು ಅದೇ ಪ್ರಶ್ನೆಯನ್ನು ಕೇಳಿದರೆ ಲೆಕ್ಕ ಬೇರೆಯಾಗುತ್ತದೆ. ಈ ಎರಡು ತಾಲ್ಲೂಕುಗಳಲ್ಲಿ ಕಲೆಗೆ ಬರವಿಲ್ಲ. ಜಾತ್ರೆ, ತೇರು, ಮದುವೆ, ಹರಕೆ, ಊರಹಬ್ಬ ಎಂದು ವರ್ಷದ ಬಹುಭಾಗ ಎಲ್ಲಾದರೊಂದು ಕಡೆ ಚಪ್ಪರ ಎದ್ದೇ ಇರುತ್ತದೆ. ಆದರೆ ಆ ಚಪ್ಪರದ ಕೆಳಗೆ ಹಣ ಕೊಡುವವರು ಯಾರು, ಪಡೆಯುವವರು ಯಾರು ಎಂಬುದು ಮುಂದಿನ ಸಾಲಿನಲ್ಲಿ ಕುಳಿತು ನೋಡುವವರ ಕಣ್ಣಿಗೆ ಬೀಳುವುದಿಲ್ಲ.

ಇಲ್ಲಿ ಮಾತನಾಡುವವರು ಇಬ್ಬರು. ಒಬ್ಬರು ನರಸೀಪುರದಲ್ಲಿ ಶಾಮಿಯಾನ ಮತ್ತು ಧ್ವನಿವರ್ಧಕಗಳನ್ನು ಬಾಡಿಗೆಗೆ ಕೊಡುವ ಅಂಗಡಿಯ ಯಜಮಾನರು. ಅವರ ಮಗಳು ಪಿಯುಸಿ ಮುಗಿಸಿ ಭರತನಾಟ್ಯವನ್ನೇ ಪದವಿಗೆ ಓದಬೇಕೆಂದು ಹಟ ಹಿಡಿದಿದ್ದಾಳೆ. ಇನ್ನೊಬ್ಬರು ನಿವೃತ್ತ ಸಂಗೀತ ಅಧ್ಯಾಪಕರು, ಊರಿನವರ ಬಾಯಲ್ಲಿ ಬರಿಯ ಮೇಷ್ಟ್ರು. ಇಂಥ ಮಾತು ನಿಜವಾಗಿ ನಡೆಯುವುದು ಹೊಳೆಯಂಚಿನ ಆಡುನುಡಿಯಲ್ಲಿ. ವಾದದ ಎಳೆ ತಪ್ಪದಿರಲೆಂದು ಅದನ್ನು ಇಲ್ಲಿ ಬರವಣಿಗೆಯ ಭಾಷೆಗೆ ಒಗ್ಗಿಸಲಾಗಿದೆ.

ತಂದೆ: ಮೇಷ್ಟ್ರೇ, ಹುಡುಗಿ ಕುಣಿಯುವುದಕ್ಕೆ ಮನೆಯಲ್ಲಿ ಯಾರ ಅಡ್ಡಿಯೂ ಇಲ್ಲ, ಆದರೆ ವರ್ಷಗಟ್ಟಲೆ ಅದನ್ನೇ ಓದಿದ ಮೇಲೆ ತಿಂಗಳ ಕೊನೆಗೆ ಕೈಗೆ ಏನು ಬರುತ್ತದೆ ಎಂಬುದು ಗೊತ್ತಾಗಬೇಕು. ಐಟಿಐ ಮಾಡಿದ ಹುಡುಗನಿಗೆ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಇದೆ, ಪಾಳಿಗೆ ಬಸ್ಸಿದೆ, ಪಿಎಫ್ ಇದೆ. ಬಿಪಿಎ ಎಂದರೆ ಏನು ಎಂಬುದೇ ನೆಂಟರಿಗೆ ತಿಳಿಯದು. ಬಿಬಿಎ ಎಂದು ಕೇಳಿಸಿಕೊಂಡು ಬ್ಯಾಂಕಿನ ಕೆಲಸ ಎಂದುಕೊಳ್ಳುತ್ತಾರೆ.

ಮೇಷ್ಟ್ರು: ಬಿಪಿಎ ಎಂದರೆ ಪ್ರದರ್ಶನ ಕಲೆಗಳ ಸ್ನಾತಕ ಪದವಿ, ಯಜಮಾನರೇ, ಪ್ರೇಕ್ಷಕರ ಎದುರಿನಲ್ಲಿ, ಕಾಲದೊಳಗೆ ನಡೆದು ಮುಗಿದುಹೋಗುವ ಸಂಗೀತ, ನೃತ್ಯ, ನಾಟಕಗಳಿಗೆ ಪ್ರದರ್ಶನ ಕಲೆಗಳೆಂದು ಹೆಸರು, ಚಿತ್ರ ಶಿಲ್ಪಗಳು ದೃಶ್ಯಕಲೆಗಳೆಂಬ ಇನ್ನೊಂದು ಗುಂಪಿಗೆ ಸೇರುತ್ತವೆ. ಓದಲು ದೂರ ಹೋಗಬೇಕಾಗಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಲಲಿತಕಲಾ ಕಾಲೇಜು 1965ರಲ್ಲಿ ಸಂಗೀತ ಮತ್ತು ನೃತ್ಯದ ಕಾಲೇಜಾಗಿ ಹುಟ್ಟಿತು; ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯವೂ ಮೈಸೂರಿನಲ್ಲೇ ಇದೆ. ನಂಜನಗೂಡಿನಿಂದ ಸುಮಾರು 25, ನರಸೀಪುರದಿಂದ ಸುಮಾರು 30 ಕಿಲೋಮೀಟರ್. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೆ ಮನೆ. ಪದವಿಯ ಹೊರಗೆ ಇನ್ನೊಂದು ಏಣಿಯೂ ಇದೆ: ಜೂನಿಯರ್, ಸೀನಿಯರ್, ವಿದ್ವತ್ ಎಂಬ ಪರೀಕ್ಷೆಗಳು, ಅವುಗಳಲ್ಲಿ ಕೊನೆಯದು ಪೂರ್ವ ಮತ್ತು ಅಂತಿಮ ಎಂದು ಎರಡು ಹಂತದ್ದು. ಮನೆಯಲ್ಲೇ ಪಾಠ ಹೇಳುವವರ ಗೋಡೆಗೆ ಚೌಕಟ್ಟು ಹಾಕಿ ತೂಗುಬಿಟ್ಟಿರುವುದು ಹೆಚ್ಚಾಗಿ ಈ ವಿದ್ವತ್ತಿನ ಪ್ರಮಾಣಪತ್ರವನ್ನೇ.

ತಂದೆ: ಚೌಕಟ್ಟಿಗೆ ಗೋಡೆ ಸಾಕು, ಸಂಬಳಕ್ಕೆ ಹುದ್ದೆ ಬೇಕಲ್ಲ.

ಮೇಷ್ಟ್ರು: ಹುದ್ದೆಗಳ ಮಾತನ್ನು ಬೇಗ ಮುಗಿಸಬಹುದು, ಏಕೆಂದರೆ ಅವು ಹೆಚ್ಚಿಲ್ಲ. ಕೇಂದ್ರೀಯ ವಿದ್ಯಾಲಯ, ನವೋದಯ ವಿದ್ಯಾಲಯಗಳಲ್ಲಿ ಸಂಗೀತ ಶಿಕ್ಷಕರ ಹುದ್ದೆಗಳಿವೆ. ರಾಜ್ಯದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಸಂಗೀತ ಮತ್ತು ನಾಟಕದ ವಿಶೇಷ ಶಿಕ್ಷಕರಿರುವುದುಂಟು, ಆದರೆ ಒಂದು ನೇಮಕಾತಿಗೂ ಇನ್ನೊಂದಕ್ಕೂ ನಡುವೆ ಅಭ್ಯರ್ಥಿಯ ವಯೋಮಿತಿಯೇ ದಾಟಿಹೋಗುತ್ತದೆ. ಸ್ನಾತಕೋತ್ತರ ಪದವಿ ಮುಗಿಸಿ ಎನ್‌ಇಟಿ ಅಥವಾ ಕೆ-ಸೆಟ್ ಎಂಬ ಅರ್ಹತಾ ಪರೀಕ್ಷೆಯಲ್ಲಿ ಗೆದ್ದವರು ಕಾಲೇಜಿಗೆ ಪಾಠ ಹೇಳಬಹುದು. ಅಲ್ಲಿಯೂ ಅತಿಥಿ ಉಪನ್ಯಾಸಕರೆಂಬ ಹೆಸರಿನಲ್ಲಿ ಹಲವು ವರ್ಷ ಅತಿಥಿಗಳಾಗಿಯೇ ಉಳಿಯಬೇಕಾದೀತು. ಕಲಿಕೆಯ ಕಾಲಕ್ಕೆ ಆಸರೆಯಾಗಿ 18ರಿಂದ 25 ವರ್ಷದವರಿಗೆ ಕೇಂದ್ರ ಸಂಸ್ಕೃತಿ ಸಚಿವಾಲಯ ಎರಡು ವರ್ಷ ತಿಂಗಳಿಗೆ 5,000 ರೂಪಾಯಿಯ ವಿದ್ಯಾರ್ಥಿವೇತನ ಕೊಡುತ್ತದೆ. ಇಷ್ಟನ್ನೇ ನೆಚ್ಚಿಕೊಂಡು ಮಗಳನ್ನು ಕಳುಹಿಸುವುದಾದರೆ ಕಳುಹಿಸದಿರುವುದೇ ಮೇಲು.

ತಂದೆ: ಹಾಗಾದರೆ ಮಾತು ಮುಗಿದಂತೆ.

ಮೇಷ್ಟ್ರು: ಹುದ್ದೆಯ ಮಾತು ಮುಗಿಯಿತು, ಸಂಪಾದನೆಯ ಮಾತು ಇನ್ನೂ ಶುರುವಾಗಿಲ್ಲ. ಅದಕ್ಕೆ ಸರ್ಕಾರದ ಪ್ರಕಟಣೆಗಿಂತ ಶಾಮಿಯಾನ ಅಂಗಡಿಯ ಲೆಕ್ಕದ ಪುಸ್ತಕ ಹೆಚ್ಚು ಉಪಯುಕ್ತ. ಒಂದು ಊರಿನವರು ಜಾತ್ರೆಗೆ ಕುರುಕ್ಷೇತ್ರ ನಾಟಕ ಆಡಿದರೆ ಯಾರ ಕೈಯಿಂದ ಯಾರ ಕೈಗೆ ಹಣ ಹೋಗುತ್ತದೆ ಎಂಬುದನ್ನು ಯಜಮಾನರೇ ಹೇಳಬೇಕು.

ತಂದೆ: ಅದರಲ್ಲಿ ಗುಟ್ಟೇನೂ ಇಲ್ಲ. ಪಾತ್ರ ಮಾಡುವವರೇ ಹಣ ಹಾಕುತ್ತಾರೆ. ದುರ್ಯೋಧನನಿಗೂ ಕೃಷ್ಣನಿಗೂ ಹೆಚ್ಚು, ಸೈಂಧವನಿಗೆ ಕಡಿಮೆ. ಕೃಷ್ಣನ ಪಾತ್ರಕ್ಕೆ ಮೂವರು ಮುಂದೆ ಬಂದರೆ ಒಂದನೆಯ ಕೃಷ್ಣ, ಎರಡನೆಯ ಕೃಷ್ಣ, ಮೂರನೆಯ ಕೃಷ್ಣ ಎಂದು ಅದೇ ರಾತ್ರಿಯನ್ನು ಮೂರು ಪಾಲು ಮಾಡಿ ಮೂವರಿಂದಲೂ ಪಡೆಯುತ್ತಾರೆ. ಹಾಗೆ ಕೂಡಿದ ಹಣ ಹಾರ್ಮೋನಿಯಂ ಮೇಷ್ಟ್ರಿಗೆ, ತಬಲದವರಿಗೆ, ಸೀನರಿಯವರಿಗೆ, ಬಣ್ಣ ಮತ್ತು ವೇಷಭೂಷಣದವರಿಗೆ, ಮೈಕು ಮತ್ತು ಲೈಟಿನವರಿಗೆ ಹಂಚಿಹೋಗುತ್ತದೆ.

ಮೇಷ್ಟ್ರು: ಎಂದರೆ ಬೆಳಕಿನಲ್ಲಿ ನಿಂತವರು ಕೊಡುತ್ತಾರೆ, ಬೆಳಕಿನ ಪಕ್ಕದಲ್ಲಿ ಕುಳಿತವರು ಪಡೆಯುತ್ತಾರೆ. ಇದು ಹಳ್ಳಿಯ ಪೌರಾಣಿಕ ನಾಟಕಕ್ಕೆ ಮಾತ್ರ ಸಂಬಂಧಿಸಿದ ವಿಚಿತ್ರವಲ್ಲ. ಭರತನಾಟ್ಯ ಕಲಿತ ಹುಡುಗಿ ಮೊದಲ ಬಾರಿಗೆ ಪೂರ್ಣ ಪ್ರಮಾಣದ ಕಾರ್ಯಕ್ರಮ ಕೊಡುವುದನ್ನು ರಂಗಪ್ರವೇಶ ಎನ್ನುತ್ತಾರೆ. ಅಂದು ಸಭಾಂಗಣದ ಬಾಡಿಗೆ, ರೇಷ್ಮೆಯ ಉಡುಗೆ, ಒಡವೆ, ಪ್ರಸಾಧನ, ಬಂದವರಿಗೆ ಊಟ ಎಲ್ಲವೂ ಹೆತ್ತವರ ಖರ್ಚು. ವೇದಿಕೆಯ ಬಲಬದಿಯಲ್ಲಿ ಸಾಲಾಗಿ ಕುಳಿತ ನಟುವಾಂಗದವರು, ಹಾಡುವವರು, ಮೃದಂಗ, ಕೊಳಲು, ಪಿಟೀಲಿನವರು ಆ ಸಂಜೆಯ ಸಂಭಾವನೆಯನ್ನು ಪಡೆದು ಮಾರನೆಯ ದಿನ ಇನ್ನೊಂದು ಹುಡುಗಿಯ ಪಕ್ಕದಲ್ಲಿ ಕೂರುತ್ತಾರೆ. ನರ್ತಕಿಯರು ವರ್ಷ ವರ್ಷವೂ ಹೊಸಬರು, ಪಕ್ಕದವರು ಅವರೇ. ಉದ್ಯೋಗ ಎಂಬ ಮಾತಿಗೆ ಹೊಂದುವ ನಿರಂತರತೆ ಇರುವುದು ಅವರಲ್ಲಿ.

ಇಲ್ಲಿ ಹಾರ್ಮೋನಿಯಂ ಮೇಷ್ಟ್ರ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಈ ಸೀಮೆಯಲ್ಲಿ ಯಾವ ಪಠ್ಯಪಟ್ಟಿಯಲ್ಲಿಯೂ ಇಲ್ಲದೆ ಬದುಕಿ ಬಂದಿರುವ ಕಲಾವೃತ್ತಿಗಳಲ್ಲಿ ಅದೊಂದು. ಊರಿನವರು ಗೊತ್ತುಮಾಡಿದ ದಿನದಿಂದ ನಾಟಕದ ರಾತ್ರಿಯವರೆಗೆ, ಹಲವು ತಿಂಗಳು, ಹೊಲದ ಕೆಲಸ ಮುಗಿಸಿ ಬಂದ ರೈತರಿಗೆ, ಅಂಗಡಿಯವರಿಗೆ, ಶಾಲೆಯ ಮಾಸ್ತರರಿಗೆ ತಾಲೀಮು ಮಾಡಿಸುವವರು ಅವರೇ. ತಾಲೀಮು ಎಂದರೆ ಮಾತು, ಪದ್ಯ, ನಡೆ, ನಿಲುವುಗಳೆಲ್ಲದರ ಅಭ್ಯಾಸ. ಓದು ಬಾರದವನಿಗೆ ಕಂದಪದ್ಯವನ್ನು ಬಾಯಿಪಾಠ ಮಾಡಿಸಬೇಕು, ರಾಗದ ಹೆಸರು ತಿಳಿಯದವನಿಗೆ ಮಟ್ಟನ್ನು, ಅಂದರೆ ಪದ್ಯ ಹಾಡುವ ಧಾಟಿಯನ್ನು, ಕಿವಿಯಿಂದಲೇ ಕೂರಿಸಬೇಕು. ನಾಟಕದ ರಾತ್ರಿ ಅರ್ಜುನನ ಮಾವನವರು ಹೂವಿನ ಹಾರ, ಉಂಗುರ, ನೋಟು ಹಿಡಿದು ರಂಗದ ಮೇಲೆ ಬಂದು ಮುಯ್ಯಿ ಮಾಡುವಾಗ ಯುದ್ಧ ಅರ್ಧಕ್ಕೆ ನಿಲ್ಲುತ್ತದೆ, ಧ್ವನಿವರ್ಧಕದಲ್ಲಿ ಕೊಟ್ಟವರ ಹೆಸರು ಮೊಳಗುತ್ತದೆ. ಅಷ್ಟು ಹೊತ್ತೂ ಶ್ರುತಿಯನ್ನು ಬಿಡದೆ ಹಿಡಿದು, ಹಾರ ತೆಗೆದಿಟ್ಟ ಕೂಡಲೇ ಅರ್ಜುನನನ್ನು ಬಿಟ್ಟ ಸಾಲಿಗೆ ಸರಿಯಾಗಿ ತಂದು ನಿಲ್ಲಿಸುವುದು ಪೆಟ್ಟಿಗೆಯ ಹಿಂದಿನ ಆ ಒಬ್ಬರೇ. ಬೆಳಗಿನ ಜಾವ ಮೂರರ ಹೊತ್ತಿಗೆ ದುರ್ಯೋಧನನ ಗಂಟಲು ಕಟ್ಟಿದರೆ, ಯಾರಿಗೂ ತಿಳಿಯದಂತೆ ಕಪ್ಪು ಎರಡರ ಮನೆಯಿಂದ ಬಿಳಿ ಎರಡರ ಮನೆಗೆ ಇಳಿದು ಅವನ ಮಾನ ಉಳಿಸುತ್ತಾರೆ. ಮನೆ ಎಂದರೆ ಹಾರ್ಮೋನಿಯಂನ ಒಂದೊಂದು ಸ್ವರದ ಕೀಲಿ. ನಿರ್ದೇಶನ, ಸಂಗೀತ ಸಂಯೋಜನೆ, ಧ್ವನಿ ತರಬೇತಿ ಎಂದು ನಗರದ ಶಾಲೆಗಳು ಮೂರು ವಿಷಯಗಳಾಗಿ ಕಲಿಸುವುದನ್ನು ಇಲ್ಲಿ ಒಂದೇ ಜೀವ ಒಂದೇ ಚಾಪೆಯ ಮೇಲೆ ಕುಳಿತು ಮಾಡುತ್ತದೆ.

ತಂದೆ: ಪಕ್ಕದವರಿಗೇ ಹಣ ಎಂಬ ಮಾತಿಗೆ ಒಂದು ಅಪವಾದವಿದೆ, ಮೇಷ್ಟ್ರೇ. ದ್ರೌಪದಿ, ಕುಂತಿ, ರುಕ್ಮಿಣಿಯ ಪಾತ್ರಕ್ಕೆ ಹೊರಗಿನಿಂದ ಬರುವ ಹೆಣ್ಣುಮಕ್ಕಳು ಹಣ ಕೊಡುವುದಿಲ್ಲ, ಪಡೆಯುತ್ತಾರೆ.

ಮೇಷ್ಟ್ರು: ಆ ಅಪವಾದವನ್ನು ಮರೆಯುವಂತಿಲ್ಲ. ಊರಿನ ಗಂಡಸರು ತಿಂಗಳುಗಟ್ಟಲೆ ಕಲಿತದ್ದನ್ನು ಆ ಕಲಾವಿದೆಯರು ಒಂದೆರಡು ದಿನದ ತಾಲೀಮಿನಲ್ಲಿ ಹೊಂದಿಸಿಕೊಳ್ಳುತ್ತಾರೆ. ನಾಲ್ಕಾರು ನಾಟಕಗಳ ಸ್ತ್ರೀಪಾತ್ರಗಳು ಅವರಿಗೆ ಕಂಠಪಾಠ, ಎದುರಿನವನು ಸಾಲು ಮರೆತರೆ ಅವನ ಸಾಲನ್ನು ಪ್ರಶ್ನೆಯಾಗಿ ತಿರುಗಿಸಿ ಅವನ ಬಾಯಿಗೇ ಹಾಕುವ ಚಾತುರ್ಯವೂ ಅವರಿಗುಂಟು. ಹಾಗೆ ನೋಡಿದರೆ ಹಳ್ಳಿಯ ರಂಗಭೂಮಿಯಲ್ಲಿ ನಟನೆಯನ್ನೇ ವೃತ್ತಿ ಮಾಡಿಕೊಂಡವರು ಅವರೊಬ್ಬರೇ. ಹಾಗಿದ್ದೂ ನಾಟಕ ಮುಗಿದು ಬೆಳಗಿನ ಬಸ್ಸಿಗೆ ಕಾದು ನಿಂತಾಗ ಅವರನ್ನು ಊರು ನೋಡುವ ರೀತಿ, ದ್ರೌಪದಿಯನ್ನು ಸಭೆ ನೋಡಿದ ರೀತಿಗಿಂತ ತುಂಬ ಭಿನ್ನವಾಗಿರುವುದಿಲ್ಲ.

ತಂದೆಯ ಮನಸ್ಸಿನಲ್ಲಿದ್ದ, ಬಾಯಿಗೆ ಬಾರದ ಪ್ರಶ್ನೆಯೂ ಇದೇ. ಹೆಣ್ಣುಮಗಳು ಕುಣಿದು ಸಂಪಾದಿಸುವುದೆಂದರೆ ಈ ಸೀಮೆಯಲ್ಲಿ ಹಳೆಯ ನೆನಪೊಂದು ಕದಲುತ್ತದೆ, ಅದನ್ನು ಬದಿಗಿಟ್ಟು ಉದ್ಯೋಗದ ಮಾತಾಡಲು ಬರುವುದಿಲ್ಲ. ಮೈಸೂರು ಸಂಸ್ಥಾನದ ಭರತನಾಟ್ಯದಲ್ಲಿ ಮೈಸೂರು, ನಂಜನಗೂಡು, ಮೂಗೂರು ಎಂಬ ಬಾನಿಗಳನ್ನು, ಅಂದರೆ ಗುರುಪರಂಪರೆಯಿಂದ ಬಂದ ನರ್ತನದ ರೀತಿಗಳನ್ನು, ಹೆಸರಿಸುವುದು ರೂಢಿ. ನಂಜನಗೂಡು ಶ್ರೀಕಂಠೇಶ್ವರನ ಊರು, ಮೂಗೂರು ನರಸೀಪುರ ತಾಲ್ಲೂಕಿನ ತ್ರಿಪುರಸುಂದರಿಯ ಊರು. ದೇವಾಲಯದ ಸೇವೆಗೆ ಸೇರಿದ ಮನೆತನಗಳ ಹೆಂಗಸರು ಈ ವಿದ್ಯೆಯನ್ನು ಉಳಿಸಿ ಬೆಳೆಸಿದರು, ಆ ಸೇವೆಗೆ ದೇವಾಲಯದಿಂದ ಜೀವನಾಂಶವೂ ಇತ್ತು. 1909ರಲ್ಲಿ ಮೈಸೂರು ಸರ್ಕಾರ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಶೋಷಣೆಗೆ ಒಡ್ಡಿದ ಪದ್ಧತಿ ಕೊನೆಗಾಣಬೇಕಾದದ್ದೇ, ಆದರೆ ಪದ್ಧತಿಯೊಂದಿಗೆ ಹೋದದ್ದು ಒಂದು ವಿದ್ಯೆಯ ಸಂಬಳವೂ ಹೌದು.

ತಂದೆ: ಸಂಬಳ ಹೋದ ಮೇಲೂ ವಿದ್ಯೆ ಉಳಿಯಿತಲ್ಲ, ಅದು ಹೇಗೆ?

ಮೇಷ್ಟ್ರು: ಎರಡು ದಾರಿಗಳಲ್ಲಿ ಉಳಿಯಿತು. ಮೊದಲನೆಯದಕ್ಕೆ ಕೆ. ವೆಂಕಟಲಕ್ಷಮ್ಮನವರು ಉದಾಹರಣೆ. 1906ರಲ್ಲಿ ಲಂಬಾಣಿ ಕುಟುಂಬದಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ಜಟ್ಟಿ ತಾಯಮ್ಮನವರ ಶಿಷ್ಯೆಯಾಗಿ, ಅರಮನೆಯ ಆಸ್ಥಾನ ವಿದುಷಿಯಾಗಿದ್ದ ಅವರು ಅರಮನೆಯ ಆಶ್ರಯ ಮುಗಿದ ಮೇಲೆ ವಿಶ್ವವಿದ್ಯಾನಿಲಯದ ನೃತ್ಯ ವಿಭಾಗದ ಅಧ್ಯಾಪಕಿಯಾದರು. 1992ರಲ್ಲಿ ಪದ್ಮಭೂಷಣ ಬಂದಿತು. ದೇವಾಲಯ, ಅರಮನೆ, ವಿಶ್ವವಿದ್ಯಾನಿಲಯ ಎಂಬ ಈ ಮೂರು ಮೆಟ್ಟಿಲುಗಳಲ್ಲಿ ವಿದ್ಯೆ ಅದೇ, ಒಡೆಯರು ಮಾತ್ರ ಬೇರೆ. ಎರಡನೆಯ ದಾರಿ ಸಿನಿಮಾದ್ದು. ಊರಿನ ಹೆಸರನ್ನೇ ತನ್ನ ಹೆಸರಿಗೆ ಹೊತ್ತ ಮೂಗೂರು ಸುಂದರ್ ದಕ್ಷಿಣದ ಚಿತ್ರರಂಗದಲ್ಲಿ ನೃತ್ಯ ನಿರ್ದೇಶಕರಾದರು, ಅವರ ಮಗ ಪ್ರಭುದೇವ ನೃತ್ಯ ಸಂಯೋಜನೆಗೆ ಎರಡು ಬಾರಿ ರಾಷ್ಟ್ರಪ್ರಶಸ್ತಿ ಪಡೆದರು. ಸಿನಿಮಾದಲ್ಲಿ ನೃತ್ಯ ನಿರ್ದೇಶಕನನ್ನು ಮಾಸ್ಟರ್ ಎಂದು ಕರೆಯುತ್ತಾರೆ, ಎಂದರೆ ಅವನೂ ಒಬ್ಬ ಮೇಷ್ಟ್ರೇ. ನಾಯಕನ ಪಕ್ಕದಲ್ಲಿ, ಕ್ಯಾಮೆರಾದ ಈಚೆ ನಿಂತು ಎಣಿಕೆ ಹೇಳುವವನು.

ತಂದೆ: ಪ್ರಭುದೇವನ ಉದಾಹರಣೆ ಕೊಟ್ಟರೆ ಯಾವ ಮಗುವೂ ಒಪ್ಪುತ್ತದೆ, ಯಾವ ತಂದೆಯೂ ಹೆದರುತ್ತಾನೆ. ಲಕ್ಷಕ್ಕೊಬ್ಬರ ಕಥೆಯಿಂದ ಮನೆ ನಡೆಯುವುದಿಲ್ಲ.

ಮೇಷ್ಟ್ರು: ಆಕ್ಷೇಪ ನ್ಯಾಯವಾದದ್ದು. ಹಾಗಾದರೆ ಹೊಳೆಯ ಆಚೆ ದಡದವರ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಪಿಟೀಲು ಚೌಡಯ್ಯನವರ ಹೆಸರಿನ ಹಿಂದಿರುವ ಟಿ ಅಕ್ಷರವೂ ಟಿ. ನರಸೀಪುರದ ಟಿ ಅಕ್ಷರವೂ ಒಂದೇ, ಎರಡೂ ತಿರುಮಕೂಡಲೇ. 1895ರಲ್ಲಿ ಅಲ್ಲಿ ಹುಟ್ಟಿದ ಅವರು ಮೈಸೂರಿಗೆ ಹೋಗಿ ಬಿಡಾರಂ ಕೃಷ್ಣಪ್ಪನವರಲ್ಲಿ ಗುರುಕುಲವಾಸ ಮಾಡಿದರು. ಗುರುಕುಲವಾಸವೆಂದರೆ ಗುರುವಿನ ಮನೆಯಲ್ಲೇ ಇದ್ದು, ಮನೆಗೆಲಸದಿಂದ ಮೊದಲುಗೊಂಡು ವಿದ್ಯೆಯವರೆಗೆ ಎಲ್ಲವನ್ನೂ ಕಲಿಯುವುದು. ಅವರು ಹೆಸರು ಮಾಡಿದ್ದು ಪಕ್ಕವಾದ್ಯದಿಂದ. ಪಕ್ಕವಾದ್ಯ ಎಂದರೆ ಹಾಡುವವರ ಪಕ್ಕದಲ್ಲಿ ಕುಳಿತು, ಅವರು ಹೋದ ದಾರಿಯನ್ನು ಅರೆಕ್ಷಣ ಹಿಂದೆ ಹಿಂಬಾಲಿಸಿ, ಅವರು ಬಿಟ್ಟ ಜಾಗವನ್ನು ತುಂಬುವ ವಾದನ. ಅರಿಯಕುಡಿ ರಾಮಾನುಜ ಅಯ್ಯಂಗಾರ್, ಚೆಂಬೈ ವೈದ್ಯನಾಥ ಭಾಗವತರಂಥ ಗಾಯಕರು ಚೌಡಯ್ಯನವರ ಪಿಟೀಲನ್ನು ಬಯಸಿ ಕರೆಸಿಕೊಳ್ಳುತ್ತಿದ್ದರು. ಇಲ್ಲಿ ಗಮನಿಸಬೇಕಾದದ್ದು ಏಳು ತಂತಿಯ ಸಂಗತಿ.

ತಂದೆ: ಚೌಡಯ್ಯನವರ ಪಿಟೀಲಿಗೆ ಏಳು ತಂತಿ ಎಂಬುದನ್ನು ಈ ಊರಿನ ಮಕ್ಕಳೂ ಹೇಳುತ್ತಾರೆ. ಏತಕ್ಕೆ ಏಳು ಎಂದು ಕೇಳಿದರೆ ತಡವರಿಸುತ್ತಾರೆ.

ಮೇಷ್ಟ್ರು: ಧ್ವನಿವರ್ಧಕವಿಲ್ಲದ ಕಾಲ. ಕಛೇರಿಗೆ ಜನ ಹೆಚ್ಚಾದಂತೆ ಪಿಟೀಲಿನ ನಾದ ಹಿಂದಿನ ಸಾಲಿಗೆ ತಲುಪುತ್ತಿರಲಿಲ್ಲ, ಗಾಯಕನ ಕಂಠ ಮುಟ್ಟಿದ ಕಡೆಗೆ ಪಕ್ಕವಾದ್ಯ ಮುಟ್ಟುತ್ತಿರಲಿಲ್ಲ. ನಾಲ್ಕು ತಂತಿಗಳ ವಾದ್ಯಕ್ಕೆ ಇನ್ನೂ ಮೂರು ತಂತಿ ಸೇರಿಸಿ ನಾದದ ಗಾತ್ರವನ್ನು ಅವರು ಹೆಚ್ಚಿಸಿದ್ದು 1927ರ ಸುಮಾರಿಗೆ. ಎಂದರೆ, ಯಜಮಾನರೇ, ಅಂಗಡಿಯಲ್ಲಿ ಇಂದು ಆಂಪ್ಲಿಫೈಯರ್ ಮಾಡುವ ಕೆಲಸವನ್ನು ಅಂದು ಚೌಡಯ್ಯನವರು ತಂತಿಯಲ್ಲಿ ಮಾಡಿದರು. ಅದೊಂದು ಸೌಂದರ್ಯದ ಪ್ರಶ್ನೆಗಿಂತ ಮೊದಲು ವೃತ್ತಿಯ ತೊಂದರೆಯಾಗಿತ್ತು. ಕೇಳಿಸದ ಪಕ್ಕವಾದ್ಯದವನನ್ನು ಎರಡನೆಯ ಸಲ ಕರೆಯುವವರಿಲ್ಲ. ಇಷ್ಟಕ್ಕೇ ಅವರು ನಿಲ್ಲಲೂ ಇಲ್ಲ. ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜನ್ನು ತೆರೆದು ಪಾಠ ಹೇಳಿದರು, ತ್ರಿಮಕುಟ ಎಂಬ ಅಂಕಿತದಲ್ಲಿ ಕೃತಿಗಳನ್ನು ರಚಿಸಿದರು, 1943ರ ವಾಣಿ ಚಿತ್ರಕ್ಕೂ ಕೈಹಾಕಿ ತಾವೇ ತೆರೆಯ ಮೇಲೂ ಬಂದರು. 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಬಂತು. ಪಕ್ಕದಲ್ಲಿ ಕೂರುತ್ತಿದ್ದವರಿಗೆ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಂಗಣವೇ 1980ರಲ್ಲಿ ಎದ್ದು ನಿಂತಿತು. ನುಡಿಸುವುದು, ಕಲಿಸುವುದು, ರಚಿಸುವುದು, ವಾದ್ಯ ತಿದ್ದುವುದು ಎಂದು ಒಬ್ಬ ಕಲಾವಿದ ಹಲವು ಕಾಲುವೆಗಳಿಂದ ಹೊಲಕ್ಕೆ ನೀರು ಹಾಯಿಸಿಕೊಂಡದ್ದನ್ನು ಈಗಿನವರು ಬಹುಮುಖ ಉದ್ಯೋಗ ಎನ್ನುತ್ತಾರೆ.

ತಂದೆ: ಇದುವರೆಗೆ ಬಂದವರೆಲ್ಲ ಕಛೇರಿಯವರು, ನಾಟಕದವರು. ಕಂಸಾಳೆಯವರು, ನೀಲಗಾರರು, ತಮಟೆಯವರು ಯಾವ ಲೆಕ್ಕಕ್ಕೆ ಸೇರುತ್ತಾರೆ?

ಮೇಷ್ಟ್ರು: ಅವರನ್ನು ಉದ್ಯೋಗ ಎಂಬ ಮಾತಿನೊಳಗೆ ತರುವುದೇ ಕಷ್ಟ. ಕಂಸಾಳೆ ಎಂದರೆ ಮಲೆಯ ಮಹದೇಶ್ವರನ ಗುಡ್ಡರು ಹಿಡಿಯುವ ಕಂಚಿನ ತಾಳದ ಜೋಡಿ, ಗುಡ್ಡರೆಂದರೆ ದೀಕ್ಷೆ ಪಡೆದ ಒಕ್ಕಲು. ತಂಬೂರಿ ಹಿಡಿದು ಮಂಟೇಸ್ವಾಮಿ, ಸಿದ್ಧಪ್ಪಾಜಿಯರ ಕಾವ್ಯ ಹಾಡುವವರು ನೀಲಗಾರರು. ಅವರ ಹಾಡಿಕೆ ಹರಕೆಯ ಭಾಗ, ಅವರಿಗೆ ಸಲ್ಲುವುದು ಸಂಭಾವನೆಯಲ್ಲ, ಪಡಿ. ಅದೇ ಕಲೆ ದಸರಾದ ಜಂಬೂಸವಾರಿಗೆ ಬಂದಾಗ ತಂಡವಾಗುತ್ತದೆ, ತಂಡಕ್ಕೆ ಅರ್ಜಿ ಬೇಕಾಗುತ್ತದೆ, ಗುರುತಿನ ಚೀಟಿ, ಬ್ಯಾಂಕ್ ಖಾತೆ, ಹಿಂದಿನ ಕಾರ್ಯಕ್ರಮಗಳ ಫೋಟೋ ಬೇಕಾಗುತ್ತದೆ. ರಾತ್ರಿಯಿಡೀ ಹಾಡಬಲ್ಲವರಿಗೆ ಅರ್ಜಿಯ ಎರಡು ಪುಟ ತುಂಬುವುದು ತ್ರಾಸದ ಕೆಲಸ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಲ್ಲಿ ಪ್ರಾಯೋಜನೆಗೂ ವಾದ್ಯ ಖರೀದಿಗೂ ವಯಸ್ಸಾದ ಕಲಾವಿದರ ಮಾಸಾಶನಕ್ಕೂ ಯೋಜನೆಗಳಿವೆ, ಅಲ್ಲಿಯವರೆಗೆ ಕಾಗದ ತಲುಪಿಸುವವರಿಲ್ಲ. ಪ್ರದರ್ಶನ ಕಲೆ ಓದಿ, ಕಲೆಯ ಬೆಲೆ ಬಲ್ಲ, ಕಂಪ್ಯೂಟರಿನ ಮುಂದೆ ಕೂರಲು ಬಲ್ಲ ಒಬ್ಬ ಹುಡುಗಿ ಹತ್ತು ತಂಡಗಳ ವ್ಯವಹಾರ ನೋಡಿಕೊಂಡರೆ ಅದೂ ಒಂದು ದಾರಿಯೇ. ಇನ್ನೂ ಆ ಕೆಲಸಕ್ಕೆ ಕನ್ನಡದಲ್ಲಿ ಒಂದು ಹೆಸರು ಕೂಡ ಬಿದ್ದಿಲ್ಲ.

ತಂದೆ: ವರ್ಷಪೂರ್ತಿ ಕೆಲಸ ಇರುವುದಿಲ್ಲವೆಂಬುದು ಅಂಗಡಿಯಿಂದಲೇ ತಿಳಿದ ಮಾತು. ಆಷಾಢದಲ್ಲಿ ಶಾಮಿಯಾನದ ಬಟ್ಟೆ ಗೋದಾಮಿನಲ್ಲಿ ಇಲಿಯ ಪಾಲು.

ಮೇಷ್ಟ್ರು: ಕಲಾವಿದರ ಪಂಚಾಂಗವೂ ಅದೇ. ಪುಷ್ಯದಲ್ಲಿ ಸುತ್ತೂರಿನ ಜಾತ್ರೆ, ಅಲ್ಲಿ ಭಜನಾಮೇಳ ಮತ್ತು ನಾಟಕಗಳು, ಬೇಸಿಗೆಯ ಬಾಗಿಲಿಗೆ ನಂಜನಗೂಡಿನ ದೊಡ್ಡಜಾತ್ರೆ, ಪಂಚಮಹಾರಥಗಳು, 1989ರಲ್ಲಿ ಆರಂಭವಾದ, ಮೂರು ವರ್ಷಕ್ಕೊಮ್ಮೆ ಎಂದು ಗೊತ್ತಾಗಿರುವ ತ್ರಿವೇಣಿ ಸಂಗಮದ ಕುಂಭಮೇಳ, ಆಮೇಲೆ ದಸರಾ. ನಡುವಿನ ಖಾಲಿ ತಿಂಗಳುಗಳನ್ನು ತುಂಬುವುದು ಪಾಠ. ಡಿಸೆಂಬರ್, ಜನವರಿಯಲ್ಲಿ ಶಾಲೆಗಳ ವಾರ್ಷಿಕೋತ್ಸವಕ್ಕೆ ನೃತ್ಯ ಕಲಿಸುವವರು ಸಾಲದೆ ಬರುತ್ತಾರೆ, ಪ್ರತಿಭಾ ಕಾರಂಜಿಗೆ ಮಕ್ಕಳನ್ನು ಸಜ್ಜು ಮಾಡಬೇಕು, ಏಪ್ರಿಲ್, ಮೇನಲ್ಲಿ ಬೇಸಿಗೆ ಶಿಬಿರಗಳು. ಮೈಸೂರಿನ ರಂಗಾಯಣ ಮಕ್ಕಳಿಗಾಗಿ ನಡೆಸುವ ಚಿಣ್ಣರ ಮೇಳ ಈ ಶಿಬಿರಗಳಿಗೆ ಒಂದು ಮಾದರಿಯಾಯಿತು, 1989ರಲ್ಲಿ ಬಿ.ವಿ. ಕಾರಂತರ ನಿರ್ದೇಶನದಲ್ಲಿ ಹುಟ್ಟಿದ ರಂಗಾಯಣ ಒಂದು ರೆಪರ್ಟರಿ, ಎಂದರೆ ಸಂಬಳದ ನಟರು ಸದಾ ಒಟ್ಟಿಗಿದ್ದು ನಾಟಕಗಳನ್ನು ಕಟ್ಟುವ ತಂಡ. ಅಲ್ಲಿಯೂ ಹೆಗ್ಗೋಡಿನ ನೀನಾಸಂನಲ್ಲಿಯೂ ಒಂದು ವರ್ಷದ ರಂಗಶಿಕ್ಷಣವಿದೆ. ಹಾಗೆ ಕಲಿತು ಬಂದವರಲ್ಲಿ ತೆರೆಗೆ, ಧಾರಾವಾಹಿಗೆ ಹೋದವರು ಕಣ್ಣಿಗೆ ಬೀಳುತ್ತಾರೆ. ಶಾಲೆಗಳಲ್ಲಿ ನಾಟಕ ಮಾಡಿಸುತ್ತ, ಬೆಳಕು ಕಟ್ಟುತ್ತ, ಪ್ರಸಾಧನ ಮಾಡುತ್ತ ಸಂಸಾರ ಸಾಗಿಸುವವರು ಕಣ್ಣಿಗೆ ಬೀಳುವುದಿಲ್ಲ. ದೇವನೂರ ಮಹಾದೇವರ ಬರವಣಿಗೆಯಿಂದ ನಂಜನಗೂಡು ಸೀಮೆಯ ಆಡುನುಡಿಗೆ ಸಾಹಿತ್ಯದಲ್ಲೂ ರಂಗದ ಮೇಲೂ ಮರ್ಯಾದೆ ಬಂದ ಮೇಲೆ, ಇಲ್ಲಿಯ ಹುಡುಗರಿಗೆ ನಾಲಿಗೆಯೂ ಒಂದು ಬಂಡವಾಳವಾಗಿದೆ. ಈ ನುಡಿಯನ್ನು ಬೇರೆ ಕಡೆಯ ನಟ ಎಷ್ಟು ಅಭ್ಯಾಸ ಮಾಡಿದರೂ ಎಲ್ಲೋ ಒಂದು ಕಡೆ ಎಡವುತ್ತಾನೆ.

ತಂದೆ: ಇಷ್ಟೆಲ್ಲ ಕೇಳಿದ ಮೇಲೆ ಉಳಿಯುವ ಪ್ರಶ್ನೆ ಒಂದೇ. ಮಗಳು ಕಲಿಯಬೇಕೆನ್ನುವುದು ಪಕ್ಕವಾದ್ಯವನ್ನಲ್ಲ, ಕುಣಿತವನ್ನು. ಬೆಳಕಿನಲ್ಲಿ ನಿಲ್ಲುವ ಆಸೆಯಿಂದ ಹೊರಟವಳಿಗೆ ಪಕ್ಕದಲ್ಲಿ ಕೂರೆಂದು ಹೇಳುವುದು ಹೇಗೆ?

ಮೇಷ್ಟ್ರು: ಕುಣಿತವನ್ನು ಬಿಡೆಂದು ಹೇಳಬೇಕಾಗಿಯೇ ಇಲ್ಲ. ಕುಣಿಯಬಲ್ಲವಳಿಗೆ ಮಾತ್ರ ದಕ್ಕುವ ಪಕ್ಕದ ಜಾಗವೊಂದಿದೆ, ಅದು ನಟುವಾಂಗ. ಕೈತಾಳ ಹಿಡಿದು, ಜತಿಗಳನ್ನು, ಅಂದರೆ ಅರ್ಥವಿಲ್ಲದ, ಲೆಕ್ಕವಿರುವ ಅಕ್ಷರಗಳ ಗುಚ್ಛಗಳನ್ನು ಬಾಯಲ್ಲಿ ಹೇಳುತ್ತ ನರ್ತಕಿಯ ಕಾಲನ್ನೂ ಮೃದಂಗದ ಕೈಯನ್ನೂ ಒಂದೇ ದಾರದಲ್ಲಿ ಹಿಡಿಯುವ ಕೆಲಸ ಅದು. ಹಾರ್ಮೋನಿಯಂ ಮೇಷ್ಟ್ರು ನಾಟಕಕ್ಕೆ ಏನೋ ನಟುವಾಂಗದವರು ನೃತ್ಯಕ್ಕೆ ಅದೇ. ಮೊದಲು ಅದು ಗಂಡಸರ ಕೆಲಸವೆಂಬ ರೂಢಿಯಿತ್ತು, ಈಗ ನೃತ್ಯಗುರುಗಳಾದ ಹೆಂಗಸರೇ ಕೈತಾಳ ಹಿಡಿಯುತ್ತಾರೆ. ಮೊಣಕಾಲು ನೋಯುವ ವಯಸ್ಸಿನಲ್ಲಿ ಕುಣಿತ ನಿಲ್ಲುತ್ತದೆ, ನಟುವಾಂಗ ನಿಲ್ಲುವುದಿಲ್ಲ. ಹಾಡಲು ಬಂದರೆ ಇನ್ನೂ ಒಳ್ಳೆಯದು. ಸಂಗೀತದಲ್ಲಿ ಸೀನಿಯರ್ ಮಾಡಿಕೊಂಡ ಭರತನಾಟ್ಯದ ಪದವೀಧರೆ ಪಾಠ ಹೇಳುತ್ತಾಳೆ, ಇತರರ ರಂಗಪ್ರವೇಶಕ್ಕೆ ಹಾಡುತ್ತಾಳೆ, ಆಕಾಶವಾಣಿಯ ಧ್ವನಿಪರೀಕ್ಷೆಗೂ ಕೂರಬಹುದು. ಆಕಾಶವಾಣಿ ಎಂಬ ಹೆಸರಿನ ಬಾನುಲಿ 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರ ಸ್ವಂತ ಕೇಂದ್ರವಾಗಿ ಶುರುವಾದದ್ದು ಮೈಸೂರಿನಲ್ಲೇ. ಅಲ್ಲಿ ಬಿ, ಬಿ-ಹೈ, ಎ, ಟಾಪ್ ಎಂದು ಕಲಾವಿದರನ್ನು ದರ್ಜೆಗೆ ಸೇರಿಸುತ್ತಾರೆ, ಆ ದರ್ಜೆಯನ್ನು ನೋಡಿ ಹೊರಗಿನ ಸಂಘಟಕರೂ ಸಂಭಾವನೆ ಗೊತ್ತುಮಾಡುತ್ತಾರೆ. ಹುಡುಗಿಗೆ ತಾಳದ ಲೆಕ್ಕ ಹೇಗಿದೆ?

ತಂದೆ: ಲೆಕ್ಕದ ಮಾತು ಹೇಳಲು ಬರುವುದಿಲ್ಲ. ಒಂದು ವಿಷಯ ಮಾತ್ರ ಗೊತ್ತು. ಮದುವೆಗೋ ಜಾತ್ರೆಗೋ ಸೌಂಡ್ ಹಾಕಿದಾಗ ರಜೆಯಿದ್ದರೆ ಅವಳೂ ಜತೆಗೆ ಬಂದು ಮಿಕ್ಸರಿನ ಮುಂದೆ ಕೂರುತ್ತಾಳೆ. ಹೋದ ದಸರಾ ರಜೆಯಲ್ಲಿ ಒಂದು ಕಛೇರಿಯ ನಡುವೆ, ಮೃದಂಗದ ಎಡದ ಮುಖದ ಹಿಟ್ಟು ಒಣಗಿದೆ, ಅದಕ್ಕೆ ಗುಂ ಎನ್ನುವ ನಾದ ಬರುತ್ತಿಲ್ಲ, ಮೈಕಿನದ್ದೇನೂ ತಪ್ಪಿಲ್ಲ ಎಂದಳು. ಕೆಲಸದ ಹುಡುಗರು ನಕ್ಕರು. ಸ್ವಲ್ಪ ಹೊತ್ತಿಗೆ ಮೃದಂಗದವರೇ ನೀರಿನ ಲೋಟ ಕೇಳಿ, ರವೆಯ ಹಿಟ್ಟನ್ನು ಒದ್ದೆ ಮಾಡಿ ಎಡಕ್ಕೆ ಮೆತ್ತಿಕೊಂಡರು.

ಮೇಷ್ಟ್ರು: ನಾಟಕದವರ ಮೈಕಿಗೂ ಕೂರುತ್ತಾಳೆಯೇ?

ತಂದೆ: ಕೂರುತ್ತಾಳೆ. ಮುಯ್ಯಿಯವರು ಮೇಲೆ ಬಂದ ಕೂಡಲೇ ಹಾರ್ಮೋನಿಯಂ ಮೈಕನ್ನು ಒಂದಿಷ್ಟು ಏರಿಸಿಡುತ್ತಾಳೆ, ಯಾರೂ ಹೇಳಿಕೊಟ್ಟದ್ದಲ್ಲ.

ಮೇಷ್ಟ್ರು: ಪ್ರವೇಶದ ಅರ್ಜಿಗೆ ಪಿಯುಸಿ ಅಂಕಪಟ್ಟಿಯ ಜೊತೆ ಜೂನಿಯರ್ ಪರೀಕ್ಷೆಯ ಪ್ರಮಾಣಪತ್ರವನ್ನೂ ಇಟ್ಟುಕೊಂಡು ಭಾನುವಾರ ಬೆಳಿಗ್ಗೆ ಅವಳನ್ನು ಕಳುಹಿಸಿಕೊಡಿ, ಯಜಮಾನರೇ. ಗೆಜ್ಜೆ ಬೇಡ, ಕೈತಾಳ ಇಲ್ಲಿಯೇ ಇದೆ.